ಇಳಿಯುವ ಮೆಟ್ಟಿಲುಗಳು

ಪುಣೆಯ ಪರ್ವತಿ ಬೆಟ್ಟಕ್ಕೆ 103 ಮೆಟ್ಟಿಲುಗಳಿವೆ. ಅಗಲವಾದ, ಎತ್ತರ ಕಡಿಮೆಯಿರುವ ಕಲ್ಲಿನ ಮೆಟ್ಟಿಲುಗಳು; ಆನೆ ಹತ್ತಲಿ ಎಂದು ಹಾಗೆ ಕಟ್ಟಿಸಿದರೆಂದು ಇಲ್ಲಿನವರು ಹೇಳುತ್ತಾರೆ. ಮೇಲಿನ ದೇವದೇವೇಶ್ವರ ದೇವಾಲಯವನ್ನು ಕಟ್ಟಿಸಿದ ನಾನಾಸಾಹೇಬ ಪೇಶ್ವೆ, ಪಾಣಿಪತ್ತಿನ ಸೋಲಿನಿಂದ ಕುಗ್ಗಿ, 1761ರಲ್ಲಿ ಪ್ರಾಣ ಬಿಟ್ಟದ್ದೂ ಇದೇ ಬೆಟ್ಟದ ಮೇಲೆ. ಬೆಳಗಿನ ಐದೂವರೆಗೆ ಅಲ್ಲಿ ಸೇರುವ ನಮ್ಮಲ್ಲಿ ಯಾರಿಗೂ ಈ ಇತಿಹಾಸ ನೆನಪಿರುವುದಿಲ್ಲ. ಎಷ್ಟು ಸಲ ಹತ್ತಿದೆ, ಎಷ್ಟು ನಿಮಿಷದಲ್ಲಿ ಹತ್ತಿದೆ ಎಂಬ ಎಣಿಕೆಯಷ್ಟೇ ನಮ್ಮದು. ನಾನೂ ದಿನಕ್ಕೆ ನಾಲ್ಕು ಸಲ ಹತ್ತುತ್ತಿದ್ದೆ. ಇಳಿದದ್ದನ್ನು ಯಾರೂ ಎಣಿಸುವುದಿಲ್ಲ, ನಾನೂ ಎಣಿಸಿರಲಿಲ್ಲ.

2023ರ ಶ್ರಾವಣದ ಒಂದು ಬೆಳಗ್ಗೆ ಹೀಗೆ ಇಳಿಯುತ್ತಿರುವಾಗ ಬಲಗಾಲಿನ ಮೊಣಕಾಲ ಚಿಪ್ಪಿನ ಹಿಂದೆ ಏನೋ ಸಿಕ್ಕಿಕೊಂಡಂತಾಯಿತು. ಚುಚ್ಚುವ ನೋವಲ್ಲ ಅದು. ಬೀಸುವ ಕಲ್ಲಿನಲ್ಲಿ ಕಾಳಿನ ಜೊತೆ ಹರಳೊಂದು ಸೇರಿಕೊಂಡಾಗ ಕೈಗೆ ತಾಗುವಂತಹ ಒರಟು. ಮಳೆಗೆ ನೆನೆದ ಪಕ್ಕದ ಗೋಡೆಯನ್ನು ಹಿಡಿದು ನಿಂತೆ. ಎಂಬತ್ತರ ಆಸುಪಾಸಿನ ಅಜ್ಜರೊಬ್ಬರು "ಕಾಯ್ ಝಾಲಂ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮಡಿಸಿದ ಕೊಡೆಯನ್ನು ಕೋಲಿನಂತೆ ಊರುತ್ತ ನನ್ನನ್ನು ದಾಟಿ ಇಳಿದುಹೋದರು. ಆಗ ನನಗೆ 56 ವರ್ಷ.

ಐವತ್ತು ದಾಟುವವರೆಗೆ ನನಗೆ ವ್ಯಾಯಾಮದ ಗಂಧವೇ ಇರಲಿಲ್ಲ. ರಕ್ತದಲ್ಲಿನ ಸಕ್ಕರೆ ಗಡಿರೇಖೆಗೆ ಬಂದು ನಿಂತಿದೆ ಎಂದು ವೈದ್ಯರು ಹೆದರಿಸಿದ ಮೇಲೆ ನಡೆಯಲು ತೊಡಗಿದೆ. ನಡಿಗೆ ಪರ್ವತಿಯಾಯಿತು, ಪರ್ವತಿ ಭಾನುವಾರಗಳ ಸಿಂಹಗಡವಾಯಿತು. ಅತ್ಕರವಾಡಿಯಿಂದ ಕೋಟೆಗೆ ಏರುವ ಕಾಲುದಾರಿಯಲ್ಲಿ ಭಾನುವಾರ ಬೆಳಗ್ಗೆ ಅರ್ಧ ಪುಣೆಯೇ ಇರುತ್ತದೆ. ಮೇಲೆ ಮುಟ್ಟಿದವರಿಗೆ ಪಿಠಲ, ಭಾಕರಿ, ಪುಟ್ಟ ಮಡಿಕೆಯ ಮೊಸರು. ನಮ್ಮ ಕಡೆಯ ಜುಣಕ, ರೊಟ್ಟಿಯ ದಾಯಾದಿಗಳೇ ಅವು. ಆ ಎತ್ತರದಲ್ಲಿ, ಆ ಹಸಿವಿನಲ್ಲಿ ಕೂತು ತಿನ್ನುವಾಗ ಧಾರವಾಡವೇ ಬೆಟ್ಟ ಹತ್ತಿ ಎದುರಿಗೆ ಬಂದಂತೆ ಅನ್ನಿಸುತ್ತಿತ್ತು. ನೋವು ಕಾಣಿಸುವ ಮೊದಲಿನ ಎರಡು ತಿಂಗಳಲ್ಲಿ ವಾರಕ್ಕೆ ಮೂರು ದಿನವಿದ್ದ ಪರ್ವತಿಯನ್ನು ಆರು ದಿನಕ್ಕೆ ಏರಿಸಿದ್ದೆ. ಮೂವತ್ತರ ಹುಡುಗರನ್ನು ಹಿಂದೆ ಹಾಕಿದ ದಿನ ಮನೆಗೆ ಬಂದು ಹೆಂಡತಿಯ ಮುಂದೆ ವರ್ಣಿಸುತ್ತಿದ್ದೆ. ಇದನ್ನು ಹೇಳುವುದಕ್ಕೆ ಸಂಕೋಚವಾದರೂ ಹೇಳಬೇಕು, ಯಾಕೆಂದರೆ ಮೊಣಕಾಲಿಗೆ ವಯಸ್ಸಾಯಿತು ಎಂದು ಎಲ್ಲರ ಮುಂದೆ ಹೇಳಿಕೊಂಡ ನನ್ನ ನೋವಿಗೆ ವಯಸ್ಸಿಗಿಂತ ಈ ಅವಸರದ ಪಾಲೇ ದೊಡ್ಡದಿತ್ತು.

ಮೊದಲು ಮಾಡಿದ ಕೆಲಸ, ನೋವನ್ನು ಮುಚ್ಚಿಟ್ಟದ್ದು. ಔಷಧದ ಅಂಗಡಿಯಲ್ಲಿ ಸಿಗುವ ನೀಕ್ಯಾಪ್ ಒಂದನ್ನು ಕೊಂಡು ಪ್ಯಾಂಟಿನ ಒಳಗೆ ಏರಿಸಿಕೊಂಡೆ. ಕಚೇರಿಯಲ್ಲಿ ಒಂದು ದಿನ ಅದು ಜಾರಿ ಕೆಳಗಿಣುಕಿದಾಗ ಪಕ್ಕದ ಮೇಜಿನ ಮಿತ್ರರು ನಕ್ಕು, "ಈ ವಯಸ್ಸಿನಲ್ಲಿ ಗುಡಘ್ಯಾಲಾ ಬಾಶಿಂಗ?" ಎಂದರು. ಮದುವೆಗೆ ತೀರಾ ಅವಸರಪಡುವವನನ್ನು ಕುರಿತು ಮರಾಠಿಗರು ಆಡುವ ಮಾತು ಅದು: ಬಾಸಿಂಗವನ್ನು ಹಣೆಗೆ ಕಟ್ಟುವವರೆಗೂ ತಡೆಯಲಾರದೆ ಮೊಣಕಾಲಿಗೇ ಕಟ್ಟಿಕೊಂಡು ಕೂತಿದ್ದಾನಂತೆ. ನಮ್ಮ ಬಾಸಿಂಗವೇ ಅವರ ಬಾಶಿಂಗ. ಮಿತ್ರರು ತಮಾಷೆಗೆ ಅಂದದ್ದು ನನ್ನ ಕಥೆಗೆ ಎಷ್ಟು ಸರಿಯಾಗಿ ಹೊಂದುತ್ತದೆಂದು ನಾನು ಮಾತ್ರ ಬಲ್ಲವನಾಗಿದ್ದೆ.

ಆಮೇಲೆ ಸಲಹೆಗಳ ಕಾಲ. ಹೊರನಾಡಿನ ಕನ್ನಡ ಸಂಘದ ಸಭೆಯೊಂದರಲ್ಲಿ ಮೊಣಕಾಲಿನ ಮಾತೆತ್ತಿ ನೋಡಿ, ಉಪನ್ಯಾಸಕ್ಕೆ ಬಂದವರೆಲ್ಲ ಉಪನ್ಯಾಸಕರಾಗುತ್ತಾರೆ. ಮೈಸೂರಿನ ಕಡೆಯವರ ಮಂಡಿ, ನಮ್ಮ ಕಡೆಯವರ ಮೊಣಕಾಲು, ಎರಡೂ ಒಂದೇ ಎಂಬ ಐಕ್ಯ ಅಲ್ಲಿ ಸಾಧಿತವಾಗುತ್ತದೆ. ಒಬ್ಬರು ತೈಲ ಹೇಳಿದರು, ಒಬ್ಬರು ಬಿಸಿ ಉಪ್ಪಿನ ಶಾಖ, ಇನ್ನೊಬ್ಬರು ಶಸ್ತ್ರಚಿಕಿತ್ಸೆಯ ಪ್ಯಾಕೇಜಿನ ದರ. ಹುಬ್ಬಳ್ಳಿಯಿಂದ ಅಕ್ಕ ಬಸ್ಸಿನ ಪಾರ್ಸಲ್‌ನಲ್ಲಿ ಅಂಟಿನ ಉಂಡಿ ಕಳಿಸಿದಳು. ಬಾಣಂತಿಯ ಸೊಂಟವನ್ನೇ ಗಟ್ಟಿ ಮಾಡುವ ಉಂಡಿ ನಿನ್ನ ಮೊಣಕಾಲನ್ನು ಬಿಟ್ಟೀತೆ ಎಂಬುದು ಅವಳ ವಾದ. ಉಂಡಿ ರುಚಿಯಾಗಿತ್ತು. ಎರಡು ತಿಂಗಳಲ್ಲಿ ನಾನು ಎರಡು ಕಿಲೋ ಹೆಚ್ಚಾದೆ.

ಎಲ್ಲ ಸಲಹೆಗಳಲ್ಲೂ ಸಮಾನವಾಗಿದ್ದುದು ಒಂದೇ: ಮೊದಲು ಕಾಲಿಗೆ ವಿಶ್ರಾಂತಿ ಕೊಡಿ. ಕೊಟ್ಟೆ. ಆರು ವಾರ ಪರ್ವತಿಯ ದಿಕ್ಕಿಗೆ ಹೋಗಲಿಲ್ಲ, ಲಿಫ್ಟ್ ಬಿಟ್ಟು ಮೆಟ್ಟಿಲು ತುಳಿಯಲಿಲ್ಲ. ನೋವು ಹೊರಟುಹೋಯಿತು. ಏಳನೆಯ ವಾರ ಹುರುಪಿನಿಂದ ಬೆಟ್ಟ ಹತ್ತಿ ಇಳಿಯುವಾಗ ಮೂವತ್ತು ಮೆಟ್ಟಿಲೂ ಮುಗಿದಿರಲಿಲ್ಲ, ಅದೇ ಹರಳು ಅದೇ ಜಾಗದಲ್ಲಿ, ಮೊದಲಿಗಿಂತ ಗಡುಸಾಗಿ. ಅಲ್ಲಿಯೇ ಒದ್ದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನನಗೆ ಆ ಹೊತ್ತಿನಲ್ಲಿ ಭಯವಾದದ್ದು ನೋವಿನಿಂದಲ್ಲ. ಕುಳಿತ ಭಂಗಿಯಿಂದ. ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲಿಟ್ಟು ಅವುಗಳನ್ನೇ ನೋಡುತ್ತ ಕುಳಿತಿದ್ದೆ. ಧಾರವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಅವ್ವ ಕುಳಿತಿರುತ್ತಿದ್ದುದು ಹೀಗೆಯೇ.

ಅವ್ವನ ಮೊಣಕಾಲು ನೋವು 2009ರ ಹೊತ್ತಿಗೆ ಶುರುವಾಯಿತು. ಅದಕ್ಕೆ ಮುಂಚೆ ಅವಳು ದಿನಾ ಸಂಜೆ ಸಾಧನಕೇರಿಯ ದಂಡೆಗೆ ನಡೆದು ಹೋಗಿಬರುತ್ತಿದ್ದಳು. ಸಂತೆಯಿಂದ ಕಾಯಿಪಲ್ಯದ ಚೀಲವನ್ನು ತಾನೇ ಹೊತ್ತು ತರುತ್ತಿದ್ದಳು. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು, ಕುಕ್ಕರಗಾಲಿನಲ್ಲಿ ಕುಳಿತು ರಂಗೋಲಿ ಹಾಕುವುದು, ದಿನಕ್ಕೆ ಎಷ್ಟು ಸಲ ಕೂತು ಎಷ್ಟು ಸಲ ಏಳುತ್ತಿದ್ದಳೋ ಲೆಕ್ಕವಿಲ್ಲ. ನೋವು ಬಂದದ್ದೇ ತಡ, ಪುಣೆಯಲ್ಲಿದ್ದ ನಾನು ದೂರದ ಮಗನ ಎಲ್ಲ ಉತ್ಸಾಹದಿಂದ ಕಾರ್ಯಪ್ರವೃತ್ತನಾದೆ. ಅಡುಗೆಮನೆಗೆ ಎತ್ತರದ ಸ್ಟೂಲು ಬಂತು. ಕಾಯಿಪಲ್ಯ ಮನೆಬಾಗಿಲಿಗೆ ಬರುವಂತೆ ಮಾಡಿದೆ. ರಂಗೋಲಿಗೆ, ಕಸಕ್ಕೆ, ಬಟ್ಟೆಗೆ ಕೆಲಸದವಳು. ರಜೆಗೆ ಹೋದಾಗ ಅವಳು ನೀರಿನ ತಂಬಿಗೆ ತರಲು ಎದ್ದರೂ, "ನೀ ಕೂಡವ್ವಾ, ನಾ ತರ್ತೀನಿ" ಎನ್ನುತ್ತಿದ್ದೆ. ಫೋನಿನಲ್ಲಿಯೂ ಅದೇ ಮಾತು. ಸಾಧನಕೇರಿಗೆ ಹೋಗಿದ್ದೆ ಎಂದು ಅವಳು ಹೇಳಿದ ದಿನ ಬೈದಿದ್ದೂ ಉಂಟು.

ಒಂದೆರಡು ವರ್ಷಗಳಲ್ಲಿ ಕೆರೆಯ ದಂಡೆ ಓಣಿಯ ತುದಿಗೆ ಬಂದು ನಿಂತಿತು. ಓಣಿಯ ತುದಿ ಗೇಟಿಗೆ ಬಂತು. ಆಮೇಲೆ ಕಟ್ಟೆ. ಕೊನೆಗೆ ಮಂಚದಿಂದ ಬಚ್ಚಲಿಗಿರುವ ಹದಿನಾಲ್ಕು ಹೆಜ್ಜೆ. ಒಮ್ಮೆ ದೀಪಾವಳಿಗೆ ಹೋಗಿದ್ದಾಗ ಕಟ್ಟೆಯ ಮೇಲೆ ಕುಳಿತಿದ್ದವಳು, "ತಮ್ಮಾ, ಕೂತು ಕೂತು ಕಾಲಿಗೆ ದಾರೀನ ಮರತದ ನೋಡು" ಎಂದಳು. ನಾನು ಅದನ್ನು ಅವ್ವನ ಚಂದದ ಮಾತುಗಳಲ್ಲಿ ಒಂದೆಂದು ತಿಳಿದು ನಕ್ಕೆ. 2016ರ ಮಾರ್ಚಿನಲ್ಲಿ ಬಚ್ಚಲ ಹೊಸ್ತಿಲಲ್ಲಿ ಬಿದ್ದಳು. ತೊಡೆಯ ಸಂದು ಮುರಿಯಿತು. ಮೂರು ತಿಂಗಳು ಬದುಕಿದ್ದಳು.

ಮೊಣಕಾಲು ಅವಳನ್ನು ಕೊಂದಿತೆಂದು ಹಲವು ವರ್ಷ ನಂಬಿದ್ದೆ.

ಪರ್ವತಿಯ ಮೆಟ್ಟಿಲಿಂದ ಎದ್ದು ಬಂದ ವಾರ ಹೆಂಡತಿ ನನ್ನನ್ನು ಒಬ್ಬ ಫಿಸಿಯೊಥೆರಪಿಸ್ಟ್ ಬಳಿಗೆ ಕರೆದೊಯ್ದಳು. ಇಪ್ಪತ್ತೆಂಟರ ಹುಡುಗಿ, ಪುಣೆಯ ರೂಢಿಯಂತೆ ಮೊದಲ ಮಾತಿಗೇ ನನ್ನನ್ನು ಕಾಕಾ ಮಾಡಿಕೊಂಡಳು. ನಾನು ಜಂಬದಿಂದ ಹಿಡಿದುಕೊಂಡು ಹೋಗಿದ್ದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟಳು. ಚಿತ್ರದಲ್ಲಿ ಸವೆತ ಕಂಡವರಿಗೆಲ್ಲ ನೋವಿರುವುದಿಲ್ಲ, ನೋವಿರುವವರೆಲ್ಲರ ಚಿತ್ರದಲ್ಲಿ ಸವೆತ ಕಾಣುವುದಿಲ್ಲ ಎಂದಳು. ಆಮೇಲೆ ಕೈಯಿಲ್ಲದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲಿರಿ ನೋಡೋಣ ಎಂದಳು. ಸಿಂಹಗಡ ಹತ್ತುವವನಿಗೆ ಇದೊಂದು ಪರೀಕ್ಷೆಯೇ ಎಂದುಕೊಂಡೆ. 11 ಆಯಿತು. ನನಗಿಂತ ಹಿರಿಯರು ಇದಕ್ಕಿಂತ ಹೆಚ್ಚು ಮಾಡುತ್ತಾರೆ ಕಾಕಾ ಎಂದು ಬಹಳ ವಿನಯದಿಂದ ತಿಳಿಸಿದಳು. ಅನಂತರ ಕನ್ನಡಿಯ ಮುಂದೆ ಒಂದು ಮಣೆಯ ಮೇಲೆ ನಿಲ್ಲಿಸಿ ನಿಧಾನವಾಗಿ ಒಂದು ಕಾಲು ಕೆಳಗಿಡಲು ಹೇಳಿದಳು. ಭಾರ ಹೊತ್ತ ಬಲ ಮೊಣಕಾಲು ನೇರವಾಗಿ ಮಡಿಯದೆ ನಡುಗುತ್ತ ಒಳಕ್ಕೆ ವಾಲಿತು. ಐವತ್ತಾರು ವರ್ಷ ನನ್ನ ಜೊತೆಗಿದ್ದ ಕಾಲು ಇಳಿಯುವುದನ್ನು ನಾನು ನೋಡಿದ್ದು ಅದೇ ಮೊದಲು.

ಹತ್ತುವಾಗಿಲ್ಲದ ನೋವು ಇಳಿಯುವಾಗ ಯಾಕೆ ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಾವಿಯಿಂದ ಕೊಡ ಸೇದುವಾಗ ತೋಳು ಹಗ್ಗವನ್ನು ಎಳೆದುಕೊಳ್ಳುತ್ತದೆ. ತುಂಬಿದ ಕೊಡವನ್ನು ಸದ್ದಾಗದಂತೆ ಬಾವಿಗೆ ಇಳಿಬಿಡುವುದಾದರೆ ಹಗ್ಗವನ್ನು ಬಿಡುತ್ತಲೂ ಇರಬೇಕು, ಹಿಡಿದೂ ಇರಬೇಕು. ಅಂಗೈ ಉರಿಯುವುದು ಆಗಲೇ. ಇಳಿಯುವ ಕಾಲಿನಲ್ಲಿ ತೊಡೆಯ ಮುಂದಿನ ಸ್ನಾಯುಗಳು ಹೀಗೆ ಉದ್ದವಾಗುತ್ತಲೇ ಭಾರವನ್ನು ತಡೆದು ಹಿಡಿಯುತ್ತವೆ. ಆ ಹಿಡಿತ ಸೋತರೆ, ಸೊಂಟದ ಪಕ್ಕದ ಪೃಷ್ಠದ ಸ್ನಾಯುಗಳೂ ಸೋತು ತೊಡೆ ಒಳಕ್ಕೆ ತಿರುಗಿದರೆ, ಚಿಪ್ಪು ತನ್ನ ದಾರಿಯಲ್ಲಿ ಸರಿಯಾಗಿ ಜಾರುವುದಿಲ್ಲ. ಸಮನೆಲದಲ್ಲಿ ನಡೆಯುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹದ ತೂಕದ ಅರ್ಧದಷ್ಟಾದರೆ, ಮೆಟ್ಟಿಲಿನಲ್ಲಿ ಅದು ಸುಮಾರು ಮೂರು ಪಟ್ಟು ದಾಟುತ್ತದೆ. ಪೂರ್ತಿ ಕುಕ್ಕರಗಾಲಿನಲ್ಲಿ ಏಳು ಪಟ್ಟಿನ ಸುತ್ತಮುತ್ತ. ಆಗಿನ ನನ್ನ 78 ಕಿಲೋಗೆ ಲೆಕ್ಕ ಹಾಕಿದರೆ ಮೆಟ್ಟಿಲಿಗೆ ಸುಮಾರು ಎರಡೂವರೆ ಕ್ವಿಂಟಲ್. ಧಾರವಾಡದ ಅಡತಿ ಅಂಗಡಿಯ ಲೆಕ್ಕದಲ್ಲಿ ಎರಡೂವರೆ ಚೀಲ ಜೋಳ, 103 ಮೆಟ್ಟಿಲು, ದಿನಕ್ಕೆ ನಾಲ್ಕು ಸಲ. ತೂಕದಲ್ಲಿ ಒಂದು ಕಿಲೋ ಇಳಿದರೆ ನಡೆಯುವಾಗ ಮೊಣಕಾಲಿನ ಮೇಲೆ ಹೆಜ್ಜೆಗೆ ನಾಲ್ಕು ಕಿಲೋದಷ್ಟು ಭಾರ ಕಡಿಮೆಯಾಗುತ್ತದೆಂಬುದನ್ನೂ ಹೇಳಿದಳು. ಅಂಟಿನ ಉಂಡಿಯ ವಿಷಯವನ್ನು ನಾನು ಬಾಯಿಬಿಡಲಿಲ್ಲ.

"ಹಾಗಾದರೆ ಪೂರ್ತಿ ನಿಲ್ಲಿಸಿಬಿಡುವುದೇ ಒಳ್ಳೆಯದಲ್ಲವೇ?" ಎಂದೆ.

ಅವಳು ಒಂದು ಸ್ಪಂಜನ್ನು ತೆಗೆದು ಹಿಂಡಿ ತೋರಿಸಿದಳು. ಮೂಳೆಗಳ ತುದಿಗಿರುವ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ. ಹೆಜ್ಜೆಯ ಭಾರ ಬಿದ್ದಾಗ ಹಿಂಡಿಕೊಂಡು, ಭಾರ ತಪ್ಪಿದಾಗ ಹೀರಿಕೊಂಡು ಅದು ಉಣ್ಣುತ್ತದೆ. "ಸುಮ್ಮನೆ ಕೂತರೆ ಅದಕ್ಕೆ ವಿಶ್ರಾಂತಿಯಲ್ಲ ಕಾಕಾ, ಉಪವಾಸ" ಎಂದಳು. ಕೂತಷ್ಟೂ ತೊಡೆ ಕರಗುತ್ತದೆ, ತೊಡೆ ಕರಗಿದಷ್ಟೂ ಕೀಲಿನ ಮೇಲಿನ ಭಾರ ಹೆಚ್ಚುತ್ತದೆ, ಭಾರ ಹೆಚ್ಚಿದಷ್ಟೂ ನೋವು, ನೋವಾದಷ್ಟೂ ಮತ್ತೆ ಕೂರುವುದು.

"ಎಪ್ಪತ್ತು ವರ್ಷದವರಿಗೂ? ನಿಜವಾಗಿಯೇ ಸವೆದಿದ್ದರೂ?"

"ಅವರಿಗೆ ಇನ್ನೂ ಹೆಚ್ಚು. ನಿಧಾನಕ್ಕೆ, ಅಳತೆಯಲ್ಲಿ. ಆದರೆ ಕೂರಿಸಿಬಿಡುವುದು ಮಾತ್ರ ಕೂಡದು." ಯಾರಿಗಾಗಿ ಕೇಳುತ್ತಿದ್ದೀರಿ, ಕರೆದುಕೊಂಡು ಬನ್ನಿ ಎಂದಳು. ನಾನು ಯಾರೂ ಇಲ್ಲ ಎಂದೆ. ರಸ್ತೆಗೆ ಬಂದ ಮೇಲೆ ಹೆಂಡತಿ ಏನನ್ನೂ ಕೇಳದೆ ರಿಕ್ಷಾ ಹುಡುಕಲು ಹೋದಳು; ಅವಳಿಗೆ ಗೊತ್ತಿತ್ತು.

ಅವ್ವನಿಗೆ ಆಗ ಯಾವ ವೈದ್ಯರೂ ಇದನ್ನು ಹೇಳಲಿಲ್ಲವೇ? ಬಹುಶಃ ಯಾರೋ ಹೇಳಿದ್ದರು. ಔಷಧದ ಚೀಟಿಯ ಹಿಂದೆ ಕಾಲು ಎತ್ತಿ ಇಳಿಸುವ ಒಂದು ಚಿತ್ರ ಇದ್ದದ್ದು ನನಗೆ ಮಸುಕಾಗಿ ನೆನಪಿದೆ. ಗುಳಿಗೆಗಳನ್ನು ನಾನು ತಪ್ಪದೆ ತಂದುಕೊಟ್ಟೆ, ಚಿತ್ರವನ್ನು ಗಮನಿಸಲಿಲ್ಲ. ಗುಳಿಗೆ ತರುವುದು, ಸ್ಟೂಲು ತರುವುದು, ಕೆಲಸದವಳಿಗೆ ಹಣ ಕಳಿಸುವುದು, ಇವೆಲ್ಲ ದೂರದಲ್ಲಿರುವ ಮಗ ಮಾಡಬಹುದಾದ ಕೆಲಸಗಳು. ದಿನಾ ಪಕ್ಕದಲ್ಲಿ ನಿಂತು ಹತ್ತು ಸಲ ಏಳು, ಹತ್ತು ಸಲ ಕೂಡು ಎನ್ನಬೇಕಾದರೆ ಪಕ್ಕದಲ್ಲಿರಬೇಕು. ಊರು ಬಿಟ್ಟು ಬಂದ ನಾವು ಅನೇಕರು ಅಪ್ಪ ಅವ್ವಂದಿರನ್ನು ನೋಡಿಕೊಳ್ಳುವ ಬಗೆ ಇಂಥದೇ. ಅವರು ಅಲುಗಾಡದಿದ್ದರೆ ನಮಗೆ ನಿಶ್ಚಿಂತೆ. ಬೀಳುವ ಸುದ್ದಿ ಬರಬಾರದು ಎಂಬ ನಮ್ಮ ಭಯವನ್ನು ಅವರ ಕಾಲಿಗೆ ಕಟ್ಟುತ್ತೇವೆ. ಬಿದ್ದ ಸುದ್ದಿ ಆಮೇಲೂ ಬಂತು.

ನನ್ನ ವ್ಯಾಯಾಮದ ಕಥೆಯಲ್ಲಿ ರೋಚಕವಾದದ್ದೇನೂ ಇಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವುದು. ಅಂಗಾತ ಮಲಗಿ ನೇರ ಕಾಲನ್ನು ಎತ್ತುವುದು. ಮಗ್ಗುಲಾಗಿ ಮಲಗಿ ಮಡಿಸಿದ ಕಾಲನ್ನು ಪುಸ್ತಕದಂತೆ ತೆರೆಯುವುದು. ಕೆಲವು ವಾರಗಳಾದ ಮೇಲೆ ಗೋಡೆಗೊರಗಿ ಅರ್ಧ ಕೂರುವುದು, ಕುರ್ಚಿಯಿಂದ ಏಳುವುದು, ಕೊನೆಗೆ ಮಣೆಯಿಂದ ಇಳಿಯುವುದು: ಇಳಿಯಲು ಮೂರು ಎಣಿಕೆ. ಸಿಂಹಗಡ ರದ್ದು, ಪರ್ವತಿ ಇಪ್ಪತ್ತು ಮೆಟ್ಟಿಲು ಮಾತ್ರ. ನೀಕ್ಯಾಪನ್ನು ಅವಳು ಬೇಡವೆನ್ನಲಿಲ್ಲ. ಧೈರ್ಯಕ್ಕೆ ಇರಲಿ, ಅದರ ಮೇಲೆ ಭಾರ ಹಾಕಬೇಡಿ ಎಂದಳು.

ಹೊಸದಾಗಿ ಕಲಿತದ್ದು ನೋವಿಗೆ ಅಂಕ ಹಾಕುವುದನ್ನು. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಎರಡರವರೆಗೆ ನಿಶ್ಚಿಂತೆ, ನಾಲ್ಕೈದರವರೆಗೆ ಸಹಿಸಬಹುದು, ಅದರಾಚೆ ಆ ದಿನಕ್ಕೆ ಸಾಕು. ಮರುದಿನ ಬೆಳಗಿನ ಹೊತ್ತಿಗೆ ನೋವು ಹಿಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ನಿನ್ನೆ ಮಾಡಿದ್ದು ಹೆಚ್ಚಾಯಿತೆಂದು ಅರ್ಥ. ಮೊದಲ ಬಾರಿಗೆ ನೋವಿನೊಡನೆ ನಾನು ಮಾತಾಡತೊಡಗಿದೆ ಎನ್ನಬಹುದು. ಅಲ್ಲಿಯವರೆಗೆ ಒಂದೋ ಅದಕ್ಕೆ ಶರಣಾಗುತ್ತಿದ್ದೆ, ಇಲ್ಲವೇ ಹಲ್ಲು ಕಚ್ಚಿ ಅದನ್ನು ತುಳಿದು ಹೋಗುತ್ತಿದ್ದೆ. ಮೊಣಕಾಲು ಊದಿಕೊಂಡರೆ, ಮಡಿಸಿದಲ್ಲೇ ಸಿಕ್ಕಿಬಿದ್ದರೆ, ನಡೆಯುವಾಗ ಇದ್ದಕ್ಕಿದ್ದಂತೆ ಕೈಕೊಟ್ಟರೆ ಅಂಕಗಣಿತ ಬಿಟ್ಟು ನೇರ ವೈದ್ಯರ ಬಳಿಗೆ ಹೋಗಬೇಕೆಂಬ ಎಚ್ಚರಿಕೆಯೂ ಇತ್ತು. ನನಗೆ ಹಾಗೇನೂ ಆಗಲಿಲ್ಲ. ಗಣೇಶ ವಿಸರ್ಜನೆಯ ರಾತ್ರಿ ಮಾತ್ರ ಢೋಲು ತಾಶೆಗಳ ಮುಂದೆ ಆರು ತಾಸು ನಿಂತು ನೋವನ್ನು ಆರಕ್ಕೆ ಏರಿಸಿಕೊಂಡು, ಎರಡು ವಾರ ಹಿಂದಕ್ಕೆ ಹೋದೆ. ಅವಳಿಗೆ ಹೇಳಿದಾಗ, ತಾನೂ ಅದೇ ರಸ್ತೆಯಲ್ಲಿ ಢೋಲು ಬಾರಿಸುತ್ತಿದ್ದೆ ಎಂದು ನಕ್ಕಳು.

ನಾಲ್ಕು ತಿಂಗಳ ಕೊನೆಗೆ ಕುರ್ಚಿಯ ಲೆಕ್ಕ 17ಕ್ಕೆ ಬಂತು. ಪರ್ವತಿಯನ್ನು ಪೂರ್ತಿ ಹತ್ತಿ ಇಳಿಯುತ್ತೇನೆ, ದಿನಕ್ಕೆ ಒಂದೇ ಸಲ, ವಾರಕ್ಕೆ ನಾಲ್ಕು ದಿನ. ನೋವು ಪೂರ್ತಿ ಹೋಯಿತೇ ಎಂದು ಕೇಳುವವರಿಗೆ ಇಲ್ಲ ಎನ್ನುತ್ತೇನೆ. ಕೇಳಿದವರ ಮುಖದಲ್ಲಿ ನಿರಾಸೆ ಕಾಣುತ್ತದೆ.

ಈ ವರ್ಷದ ಯುಗಾದಿಗೆ ಅಕ್ಕ ಫೋನು ಮಾಡಿದ್ದಳು. ಅವಳಿಗೀಗ 65. ಎರಡೂ ಮೊಣಕಾಲು ಹಿಡಿದುಕೊಂಡಿವೆಯಂತೆ. ಬೆಂಗಳೂರಿನಲ್ಲಿರುವ ಮಗ ಬಹಳ ಕಾಳಜಿ ಮಾಡುತ್ತಾನೆ ಎಂದು ಹೆಮ್ಮೆಯಿಂದ ಹೇಳಿದಳು: ಮಹಡಿಯ ಕೋಣೆಯಿಂದ ಅವಳ ಮಂಚವನ್ನು ಕೆಳಗಿಳಿಸಿದ್ದಾನೆ, ದೇವರ ಮನೆಯಲ್ಲಿ ಕುರ್ಚಿ ಹಾಕಿಸಿದ್ದಾನೆ, ಕಾಯಿಪಲ್ಯ ಫೋನಿನಲ್ಲೇ ತರಿಸುತ್ತಾನೆ. "ನೀ ಕೂಡವ್ವಾ ಸುಮ್ನ ಅಂತಾನ. ನಿನ್ನಂಗ ಆಗ್ಯಾನ ನೋಡು, ಅವ್ವನ್ನ ಹೆಂಗ ನೋಡಿಕೊಂಡಿ ನೀನು" ಎಂದಳು.

ನನಗೆ ಕೂಡಲೇ ಮಾತು ಹೊರಡಲಿಲ್ಲ. ಆಮೇಲೆ ಕೇಳಿದೆ, "ಅಕ್ಕಾ, ದೇವರ ಮನೀ ಕುರ್ಚಿಗೆ ಕೈ ಅದಾವೇನು?"

"ಇಲ್ಲ. ಯಾಕ?"

"ಅದನ್ನ ಗ್ವಾಡಿಗೆ ಹಚ್ಚಿ ಇಡು. ಕೂತು ಏಳು ನೋಡೋಣ, ಕೈ ಊರದನ. ನಾ ಫೋನಿನ್ಯಾಗ ಎಣಿಸ್ತೀನಿ."

ಅಕ್ಕ ಮೊದಲು ನಕ್ಕಳು, ಆಮೇಲೆ ಸಿಟ್ಟಾದಳು, ಆಮೇಲೆ ಫೋನನ್ನು ದೇವರ ಮುಂದಿಟ್ಟು ಎದ್ದಳು. ನಾಲ್ಕನೆಯದಕ್ಕೆ ಉಸಿರು ಕೇಳಿಸಿತು. ಐದನೆಯದಕ್ಕೆ "ಸಾಕೋ ತಮ್ಮಾ" ಎಂದಳು. ಅಂದಿನಿಂದ ಬೆಳಗ್ಗೆ ಆರೂಕಾಲಿಗೆ ಅವಳ ಫೋನು. ಆ ಹೊತ್ತಿಗೆ ನಾನು ಪರ್ವತಿಯ ಮೇಲೆ ಗೋಡೆಗೊರಗಿ ನಿಂತಿರುತ್ತೇನೆ; ಕೆಳಗೆ ಪುಣೆಯಿಡೀ ಮಂಜಿನಲ್ಲಿ ಏಳುತ್ತಿರುತ್ತದೆ. ಮಗನಿಗೆ ಹೇಳಿಲ್ಲವಂತೆ. ನಾನು ಹೇಳುತ್ತೇನೆಂದರೆ, ಇರು, ಹತ್ತಾಗಲಿ, ಆಮೇಲೆ ಹೇಳೋಣ ಎನ್ನುತ್ತಾಳೆ.

ನಿನ್ನೆ ಒಂಬತ್ತಾಯಿತು. ಕುರ್ಚಿಯ ಸದ್ದು, ಅವಳ ಬಳೆಯ ಸದ್ದು, ನನ್ನ ಎಣಿಕೆ. ಮುಗಿದ ಮೇಲೆ ಸುಧಾರಿಸಿಕೊಂಡು ಕೇಳಿದಳು, "ನೀ ಈಗ ಇಳೀತಿಯೇನು?"

"ಹೂಂ."

"ಇಳಿಯೂ ಮುಂದ ಇನ್ನೂ ನೂಸ್ತದೇನು?"

"ನೂಸ್ತದ."

"ಎಷ್ಟು?"

"ಎರಡು," ಎಂದೆ.